ಹೆರಳಿಗೂ ಜಡಿಗೂ ನಡುವೆ ಒಂದು ಬಟ್ಟಲು ಎಣ್ಣೆ

ಬೆಂಗಳೂರು, ಮೈಸೂರು ಕಡೆಯವರಿಗೆ ಜಡೆ ಎಂದರೆ ಮಲ್ಲಿಗೆ ಮುಡಿಯುವ ಜಾಗ. ಮೊಗ್ಗಿನ ಜಡೆ, ಎರಡು ಜಡೆ, ಮೊಣಕಾಲು ಮುಟ್ಟುವ ಜಡೆ. ನಮ್ಮ ಬೆಳಗಾವಿ ಕಡೆ ಅದಕ್ಕೆ ಹೆರಳು ಅಂತೀವಿ. ‘ಜಡಿ’ ಅಂದರೆ ಇಲ್ಲಿ ಬೇರೆಯೇ ಮಾತು. ಕೂದಲು ತಾನಾಗಿ ಸಿಕ್ಕುಗಟ್ಟಿ, ಹಗ್ಗದ ಹಾಗೆ ಗಟ್ಟಿಯಾಗಿ, ಹಣಿಗೆ ಒಳಗೆ ಹೋಗದಂತಾದರೆ ಅದು ಜಡಿ. ಎಲ್ಲವ್ವ ಬಂದಳು ಅಂತಾರೆ. ಅದಕ್ಕೆ ಕತ್ತರಿ ಹಚ್ಚುವಂತಿಲ್ಲ, ಬಾಚುವಂತಿಲ್ಲ. ಭಂಡಾರ ಹಚ್ಚಿ ಕೈಮುಗಿಯಬೇಕು.

ಸವದತ್ತಿಯ ಎಲ್ಲಮ್ಮನ ಗುಡ್ಡ ಇರುವುದು ನಮ್ಮ ಜಿಲ್ಲೆಯಲ್ಲೇ. ನಾನು ಸಣ್ಣವಳಿದ್ದಾಗ ಮಂಗಳವಾರ, ಶುಕ್ರವಾರ ನಮ್ಮ ಓಣಿಗೆ ಜೋಗತಿಯರು ಬರುತ್ತಿದ್ದರು. ಅವರಲ್ಲಿ ಒಬ್ಬಾಕೆಯ ತಲೆಯ ಮೇಲೆ ಸುತ್ತಿದ ಸೀರೆ ಸೆರಗಿನ ಕೆಳಗೆ ಮೊಳದುದ್ದದ ಜಡಿ ಇತ್ತು. ಜನ ಆಕೆಗೆ ನಮಸ್ಕಾರ ಮಾಡುತ್ತಿದ್ದರು. ಆಕೆ ಹೋದ ಮೇಲೆ ನಮ್ಮ ಆಯಿ ನನ್ನನ್ನು ಹಿಡಿದು ಕೂರಿಸಿ ತಲೆ ಬಾಚುತ್ತಿದ್ದಳು. ಅವತ್ತು ಮಾತ್ರ ಎಂದಿಗಿಂತ ಜಾಸ್ತಿ ಹೊತ್ತು ಬಾಚುತ್ತಿದ್ದಳು. ಯಾಕೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ.

ನನ್ನದು ಗುಂಗುರು ಕೂದಲು. ಅಪ್ಪನ ಕಡೆಯಿಂದ ಬಂದದ್ದು. ಒಂದು ದಿನ ಬಾಚದಿದ್ದರೆ ಹಿಂದಲೆಯಲ್ಲಿ ಗಂಟು, ಎರಡು ದಿನ ಬಿಟ್ಟರೆ ಗೂಡು. ಬೇರೆ ಊರಿನ ಹುಡುಗಿಯರಿಗೆ ಸಿಕ್ಕು ಎಂದರೆ ಬೆಳಿಗ್ಗೆ ಹತ್ತು ನಿಮಿಷದ ತಲೆನೋವು. ನಮ್ಮ ಮನೆಯಲ್ಲಿ ಅದು ಹತ್ತು ನಿಮಿಷಕ್ಕೆ ಮುಗಿಯುವ ವಿಷಯ ಆಗಿರಲಿಲ್ಲ.

ಹಂಚಿನ ಮನೆಯ ಲೆಕ್ಕ

ಈಗ ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಯ ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ದಿನಾ ಸ್ಕೂಟಿ, ದಿನಾ ಹೆಲ್ಮೆಟ್. ಹೆಲ್ಮೆಟ್ಟಿನ ಒಳಗಿನ ಬಟ್ಟೆ ಮತ್ತು ಬೆವರು ಸೇರಿ ಕುತ್ತಿಗೆ ಹತ್ತಿರದ ಕೂದಲನ್ನು ಏನು ಮಾಡುತ್ತವೆ ಎಂದು ಗುಂಗುರು ಕೂದಲಿನವರಿಗೆ ನಾನು ಹೇಳಬೇಕಿಲ್ಲ.

ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂರುವ ಗೆಳತಿ ಖಾನಾಪುರ ತಾಲ್ಲೂಕಿನವಳು, ಸಿದ್ದಿ ಸಮುದಾಯದವಳು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು ಅವರು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದಲ್ಲಿ ಹೆಚ್ಚಿದ್ದಾರೆ, ನಮ್ಮ ಖಾನಾಪುರದ ಕಾಡಂಚಿನಲ್ಲೂ ಇದ್ದಾರೆ. ಉತ್ತರ ಕನ್ನಡದ ಸಿದ್ದಿಗಳಿಗೆ 2003ರಲ್ಲೇ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತ್ತು. ಬೆಳಗಾವಿ, ಧಾರವಾಡದವರು 2020ರವರೆಗೆ ಕಾಯಬೇಕಾಯಿತು.

ಅವಳ ಕೂದಲು ನನ್ನದಕ್ಕಿಂತ ಬಿಗಿ ಸುರುಳಿ. ಒಂದು ದಿನ ಊಟದ ಹೊತ್ತಿನಲ್ಲಿ ನನ್ನ ಪರ್ಸಿನಲ್ಲಿದ್ದ ಸಣ್ಣ ಹಲ್ಲಿನ ಹಣಿಗೆ ನೋಡಿ ನಕ್ಕಳು. “ಈ ಹಣಿಗಿ ನಮ್ಮಂಥವರ ಸಲುವಾಗಿ ಮಾಡಿದ್ದಲ್ಲವಾ. ಮೊದಲ ಬಟ್ಟು, ಆಮ್ಯಾಲ ದೊಡ್ಡ ಹಲ್ಲಿನ ಹಣಿಗಿ” ಅಂದಳು. ರಾತ್ರಿ ಮಲಗುವ ಮುಂಚೆ ಕೂದಲನ್ನು ನಾಲ್ಕು ಭಾಗ ಮಾಡಿ ಸಡಿಲವಾಗಿ ಹೆಣೆಯುವುದು, ಬೆಳಿಗ್ಗೆ ಬಿಚ್ಚುವುದು, ಇದೆಲ್ಲ ಅವಳು ಹೇಳಿಕೊಟ್ಟಿದ್ದು.

ಇನ್ನೊಂದು ವಿಷಯ ನಮ್ಮಿಬ್ಬರಿಗೂ ವಿಚಿತ್ರ ಅನಿಸಿತ್ತು. ಇಬ್ಬರದೂ ಗುಂಗುರು. ಆದರೆ ಅವಳ ಕೂದಲ ಮೇಲೆ ನೀರು ಚಿಮುಕಿಸಿದರೆ ಹನಿ ಕೆಸುವಿನೆಲೆಯ ಮೇಲೆ ನಿಂತ ಹಾಗೆ ನಿಲ್ಲುತ್ತದೆ. ನೆನೆಯಲು ಹೊತ್ತು ಬೇಕು, ನೆನೆದ ಮೇಲೆ ಒಣಗಲೂ ಹೊತ್ತು ಬೇಕು. ಬಣ್ಣ ಹಾಕಿದ ನನ್ನ ಕೂದಲು ನೀರನ್ನು ಹೊಸ ಮಡಕೆಯಂತೆ ಹೀರಿ, ಅಷ್ಟೇ ಬೇಗ ಒಣಗಿ, ಮಧ್ಯಾಹ್ನದ ಹೊತ್ತಿಗೆ ಹತ್ತಿಯಂತೆ ಕೆದರಿ ನಿಲ್ಲುತ್ತದೆ. ಇದಕ್ಕೇ ಪೊರಾಸಿಟಿ ಅನ್ನುವುದು. ಕೂದಲು ನೀರನ್ನು ಎಷ್ಟು ಸಲೀಸಾಗಿ ಒಳಗೆ ಬಿಡುತ್ತದೆ, ಎಷ್ಟು ಹೊತ್ತು ಹಿಡಿದಿಡುತ್ತದೆ ಎಂಬ ಲೆಕ್ಕ ಅದು.

ಖಾನಾಪುರ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅದು ಹಂಚು ಮತ್ತು ಕುಂಬಾರಿಕೆಯ ಊರು. ಕೂದಲಿನ ಹೊರಪದರ ಹಂಚಿನ ಮಾಡಿನ ಹಾಗೆ. ಒಂದರ ಮೇಲೊಂದು ಮಲಗಿದ ಸಣ್ಣ ಸಣ್ಣ ಪದರುಗಳು, ಅವುಗಳ ತೆರೆದ ಅಂಚು ಕೂದಲಿನ ತುದಿಯ ಕಡೆಗೆ. ಹಂಚು ಸರಿಯಾಗಿ ಕೂತಿದ್ದರೆ ಮಳೆ ನೀರು ಜಾರಿ ಹೋಗುತ್ತದೆ. ಅದರ ಮೇಲೆ ತೆಳ್ಳಗಿನ ಜಿಡ್ಡಿನ ಪದರವೂ ಹುಟ್ಟಿನಿಂದ ಇರುತ್ತದೆ. ಬ್ಲೀಚು, ಬಣ್ಣ, ಸ್ಟ್ರೇಟನಿಂಗ್ ರಾಸಾಯನಿಕ, ಬಿಸಿ ಇಸ್ತ್ರಿ, ಬಿಸಿಲು ಇವೆಲ್ಲ ಆ ಜಿಡ್ಡನ್ನು ತೆಗೆದು, ಹಂಚನ್ನು ಎಬ್ಬಿಸುತ್ತವೆ, ಕೆಲವನ್ನು ಒಡೆಯುತ್ತವೆ. ಆಗ ಮಾಡು ಸೋರುತ್ತದೆ.

ಎದ್ದ ಹಂಚಿಗೂ ಸಿಕ್ಕಿಗೂ ನೇರ ಸಂಬಂಧ ಇದೆ. ಎದ್ದು ನಿಂತ ಅಂಚುಗಳು ಪಕ್ಕದ ಕೂದಲಿನ ಅಂಚಿಗೆ ತೊಡರಿಕೊಳ್ಳುತ್ತವೆ. ಕಂಬಳಿಯನ್ನು ಬಿಸಿನೀರು, ಸಾಬೂನು ಹಾಕಿ ತಿಕ್ಕಿ ಒಗೆದರೆ ಕುಗ್ಗಿ ದಪ್ಪಗಾಗುತ್ತದಲ್ಲ, ಅದೂ ಇದೇ ಕಾರಣಕ್ಕೆ. ಕುರಿಯ ಉಣ್ಣೆಗೂ ಇಂಥದೇ ಹಂಚು ಇದೆ. ಗುಂಗುರು ಕೂದಲಿನಲ್ಲಿ ಇನ್ನೂ ಒಂದು ತೊಡಕು. ನೆತ್ತಿಯ ಎಣ್ಣೆ ಸುರುಳಿಗಳನ್ನು ದಾಟಿ ತುದಿಯವರೆಗೆ ಹೋಗಲಾರದು. ಹಾಗಾಗಿ ತುದಿ ಸದಾ ಒಣ. ದಿನಕ್ಕೆ ಎಲ್ಲರಿಗೂ 50ರಿಂದ 100 ಕೂದಲು ಉದುರುತ್ತವೆ. ನೇರ ಕೂದಲಿನವರದು ನೆಲಕ್ಕೆ ಬೀಳುತ್ತದೆ, ನಮ್ಮದು ಸುರುಳಿಯೊಳಗೆ ಸಿಕ್ಕಿಕೊಂಡು ಅಲ್ಲೇ ಉಳಿದು ಉಳಿದವನ್ನೂ ಕಟ್ಟಿಹಾಕುತ್ತದೆ.

ವೈನಿಯ ಫೋನು

ಹೋದ ವರ್ಷ ಸೆಪ್ಟೆಂಬರ್. ರಾತ್ರಿ ಹತ್ತೂವರೆಗೆ ವೈನಿಯ ಫೋನು. ಅಣ್ಣನ ಮನೆ ಖಾನಾಪುರದ ಆಚೆ, ಜಾಂಬೋಟಿ ದಾಟಿ ಕಣಕುಂಬಿ ಕಡೆಗೆ. ಮಲಪ್ರಭೆ ಹುಟ್ಟುವ ಜಾಗ ಅದು, ಮಳೆ ಹಿಡಿದರೆ ಬಿಡುವುದಿಲ್ಲ. ಅಣ್ಣನ ಮಗಳಿಗೆ ಒಂಬತ್ತು ವರ್ಷ. ನನ್ನದೇ ಕೂದಲು ಅವಳಿಗೂ. ಟೈಫಾಯ್ಡ್ ಬಂದು ಮೂರು ವಾರ ಮಲಗಿದ್ದಳು. ಜ್ವರ ಬಿಟ್ಟಿದೆ ಅಂತ ನನಗೆ ಗೊತ್ತಿತ್ತು.

“ಪುಟ್ಟಿ ತಲ್ಯಾಗ ಜಡಿ ಬಂದೈತಿ ಅನ್ನಾಕತ್ತಾರ” ಅಂದಳು ವೈನಿ. ಪಿಸುಮಾತು. “ಆಯಿ ಭಂಡಾರ ಹಚ್ಯಾಳ. ಓಣ್ಯಾಗಿನವರು ಬಂದು ಕೈಮುಗದು ಹೊಂಟಾರ. ನಿಮ್ಮಣ್ಣ ಏನೂ ಮಾತಾಡವಲ್ರು. ನೀ ಒಂದಿನ ಬಂದು ಹೋಗು.”

“ಕತ್ತರಿ ಹಚ್ಚೀರೇನ್ರಿ ವೈನಿ?”

“ಎಲ್ಲೀದವಾ, ಹಣಿಗಿ ಸೈತ ಮುಟ್ಟಾಕ ಕೊಡವಲ್ಲರು.”

ನನಗೆ ನಿದ್ದೆ ಬರಲಿಲ್ಲ. ಬೇರೆ ಊರಿನವರಿಗೆ ಇದು ನಗುವ ವಿಷಯ ಅನಿಸಬಹುದು. ನಮಗಲ್ಲ. ಹಿಂದೆ ಹೆಣ್ಣುಮಗುವಿನ ತಲೆಯಲ್ಲಿ ಜಡಿ ಕಂಡರೆ ದೇವಿ ಕರೆದಿದ್ದಾಳೆ ಎಂದು ಮುತ್ತು ಕಟ್ಟಿಸಿ, ದೇವದಾಸಿ ಮಾಡಿದ ಮನೆಗಳಿವೆ. ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ 1934ರಲ್ಲಿ ಅದರ ವಿರುದ್ಧ ಕಾಯ್ದೆ ಬಂತು. 1982ರಲ್ಲಿ ಕರ್ನಾಟಕ ಸರ್ಕಾರ ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳೇ ನಮ್ಮ ಜಿಲ್ಲೆಯಲ್ಲಿ ಸಂಘ ಕಟ್ಟಿಕೊಂಡು ದಶಕಗಳಿಂದ ಕೆಲಸ ಮಾಡಿದ್ದಾರೆ. ನಮ್ಮ ಮನೆಯಲ್ಲಿ ಯಾರೂ ಹುಡುಗಿಗೆ ಮುತ್ತು ಕಟ್ಟಿಸುವವರಲ್ಲ. ಆದರೆ ಶಾಲೆ? ಓಣಿ? ‘ದೇವಿ ಬಂದಾಕೆ’ ಎಂದು ಕೈಮುಗಿಸಿಕೊಳ್ಳುವ ಒಂಬತ್ತು ವರ್ಷದ ಹುಡುಗಿಯ ಜೊತೆ ಯಾರು ಕುಂಟಾಬಿಲ್ಲೆ ಆಡುತ್ತಾರೆ?

ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಹೊರಟೆ. ಚೀಲದಲ್ಲಿ ದೊಡ್ಡ ಬಾಟಲಿ ಕಂಡೀಷನರ್, ಎರಡು ದೊಡ್ಡ ಹಲ್ಲಿನ ಹಣಿಗೆ, ಹಳೆಯ ಕಾಟನ್ ಟೀ ಶರ್ಟು. ಕತ್ತರಿ ಇಟ್ಟುಕೊಳ್ಳಲಿಲ್ಲ.

ಪುಟ್ಟಿ ಗೋಡೆಗೆ ಒರಗಿ ಕೂತಿದ್ದಳು. ಸೊರಗಿದ್ದಳು. ಹಿಂದಲೆಯಲ್ಲಿ ನನ್ನ ಅಂಗೈಯಗಲದ ಗಂಟು, ಮೇಲೆ ಅರಿಶಿನ. ಮೊದಲು ನೆತ್ತಿ ನೋಡಿದೆ. ಹುಣ್ಣು ಇರಲಿಲ್ಲ, ಕೀವು ಇರಲಿಲ್ಲ, ಹೇನೂ ಇರಲಿಲ್ಲ. ಇದ್ದಿದ್ದರೆ ಮೊದಲು ಚರ್ಮದ ಡಾಕ್ಟರ ಹತ್ತಿರವೇ ಹೋಗಬೇಕಿತ್ತು.

ಆಯಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. “ದೇವಿ ವಿಷಯದಾಗ ಹುಡುಗಾಟ ಬ್ಯಾಡ” ಅಂದಳು.

“ಹುಡುಗಾಟ ಅಲ್ಲ ಆಯಿ. ಮೂರು ವಾರ ಹಾಸಿಗ್ಯಾಗ ಹೊರಳ್ಯಾಳ. ನನ್ನ ತಲ್ಯಾಗೂ ಹಿಂಗ ಆಗತಿತ್ತು. ನೀನ ಬಿಡಸ್ತಿದ್ದಿ.”

ಆಯಿ ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು: “ಕತ್ತರಿ ಹಚ್ಚಬ್ಯಾಡ. ಕೈಲೆ ಬಿಡಸಾಕ ಬಂದ್ರ ಅದು ಸಿಕ್ಕು. ಬರಲಿಲ್ಲ ಅಂದ್ರ ಅದು ಆಕಿದು.”

ಒಪ್ಪಿಕೊಂಡೆ. ಬೇರೆ ದಾರಿ ಇರಲಿಲ್ಲ.

ಎರಡು ದಿನ, ಆರು ತಾಸು

ಇಂಥ ಗಂಟಿಗೆ ಮೊದಲು ನೀರು, ಶಾಂಪೂ ಹಾಕಬಾರದು. ಹಾಕಿ ತಿಕ್ಕಿದರೆ ಕಂಬಳಿಯಂತೆ ಇನ್ನೂ ಬಿಗಿಯುತ್ತದೆ. ಎಣ್ಣೆಯೇ ಮೊದಲು. ಒಂದು ಬಟ್ಟಲು ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಗಂಟಿನ ಒಳಗೆ ಇಳಿಯುವ ಹಾಗೆ ಬೆರಳಿನಿಂದ ಒತ್ತಿ ಒತ್ತಿ ಹಾಕಿದೆ. ಒಂದು ತಾಸು ಬಿಟ್ಟೆವು.

ಆಮೇಲೆ ಗಂಟಿನ ಅಂಚಿನಿಂದ ಶುರು. ನಡುವಿಗೆ ಕೈ ಹಾಕಬಾರದು. ನೆತ್ತಿಯ ಹತ್ತಿರ ಒಂದು ಕೈಯಿಂದ ಕೂದಲನ್ನು ಬಿಗಿಯಾಗಿ ಹಿಡಿದುಕೊಂಡರೆ ಮಗುವಿಗೆ ಎಳೆತ ಗೊತ್ತಾಗುವುದಿಲ್ಲ. ಇನ್ನೊಂದು ಕೈಯ ಬೆರಳಿನಿಂದ ದೊಡ್ಡ ಗಂಟನ್ನು ಉದ್ದುದ್ದಕ್ಕೆ ಸೀಳಿ ಎರಡು ಸಣ್ಣ ಗಂಟು ಮಾಡುವುದು, ಅದನ್ನು ಮತ್ತೆ ಎರಡು. ಬಿಡಿಸಿದ ಎಳೆಗೆ ಕಂಡೀಷನರ್ ಹಚ್ಚಿ ತುದಿಯಿಂದ ಮೇಲಕ್ಕೆ ಬಾಚುವುದು. ಎಷ್ಟೋ ಮನೆಗಳಲ್ಲಿ ನೆತ್ತಿಯಿಂದ ಕೆಳಕ್ಕೆ ಎಳೆಯುತ್ತಾರೆ. ಅದರಿಂದ ಎಲ್ಲ ಸಣ್ಣ ಗಂಟುಗಳೂ ಜಾರಿ ತುದಿಯಲ್ಲಿ ಒಂದಾಗುತ್ತವೆ.

ಶನಿವಾರ ಸಂಜೆ ಮೂರು ತಾಸು ಆಯಿತು. ಪುಟ್ಟಿ ಮೊಬೈಲ್ ನೋಡುತ್ತಾ, ನಡುನಡುವೆ ಚುರುಮುರಿ ತಿನ್ನುತ್ತಾ ಕೂತಿದ್ದಳು. ಅತ್ತಾಗ ನಿಲ್ಲಿಸುತ್ತಿದ್ದೆ. ಅರ್ಧ ಗಂಟು ಬಿಟ್ಟಿತು. ನನ್ನ ಮಡಿಲಲ್ಲಿ ಮುಷ್ಟಿಯಷ್ಟು ಕೂದಲು ಬಿದ್ದಿತ್ತು. ಅದನ್ನು ನೋಡಿ ಆಯಿ ಎದೆ ಮುಟ್ಟಿಕೊಂಡಳು. “ಆಕಿ ಸಿಟ್ಟಾಗ್ಯಾಳ ನೋಡು, ಕೂದಲೆಲ್ಲ ಹೊಂಟಾವು.”

ಲೆಕ್ಕ ಹೇಳಿದೆ. ದಿನಕ್ಕೆ ಐವತ್ತರಿಂದ ನೂರು ಅಂದರೆ ಇಪ್ಪತ್ತೊಂದು ದಿನಕ್ಕೆ ಸಾವಿರದಿಂದ ಎರಡು ಸಾವಿರ ಕೂದಲು. ಉದುರಿದ್ದು ಗಂಟಿನೊಳಗೇ ಇತ್ತು, ಇವತ್ತು ಹೊರಗೆ ಬಂತು ಅಷ್ಟೇ. ಇನ್ನೊಂದು ಮಾತೂ ಅವತ್ತೇ ಹೇಳಿಟ್ಟೆ. ಟೈಫಾಯ್ಡ್‌ನಂಥ ದೊಡ್ಡ ಜ್ವರ ಬಂದು ಎರಡು ಮೂರು ತಿಂಗಳಾದ ಮೇಲೆ ಕೂದಲು ಹೆಚ್ಚಿಗೆ ಉದುರುವುದುಂಟು, ಆಮೇಲೆ ತಾನಾಗಿ ಬರುತ್ತದೆ, ಆಗ ಗಾಬರಿಯಾಗಿ ಸಿಕ್ಕು ಬಿಡಿಸಿದ್ದಕ್ಕೆ ಹೀಗಾಯಿತು ಅನ್ನಬ್ಯಾಡ್ರಿ ಅಂತ. ಡಿಸೆಂಬರ್‌ನಲ್ಲಿ ಹಾಗೇ ಉದುರಿತು. ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ಆ ರಾತ್ರಿ ಮಳೆ ಹಂಚಿನ ಮೇಲೆ ಸುರಿಯುತ್ತಿತ್ತು. ಪುಟ್ಟಿ ಮಲಗಿದ ಮೇಲೆ ನಾನು ಫೋನಿನಲ್ಲಿ ಹುಡುಕುತ್ತಾ ಪೋಲೆಂಡಿನ ಕತೆ ಓದಿದೆ. ಅಲ್ಲೂ ಸಿಕ್ಕುಗಟ್ಟಿದ ಕೂದಲಿಗೆ ‘ಕೊವ್ತುನ್’ ಅಂತ ಹೆಸರಿತ್ತಂತೆ. ಕತ್ತರಿಸಿದರೆ ಕಣ್ಣು ಹೋಗುತ್ತದೆ, ಹುಚ್ಚು ಹಿಡಿಯುತ್ತದೆ ಎಂದು ನೂರಾರು ವರ್ಷ ಹೆದರಿದ್ದರು. ಹತ್ತೊಂಬತ್ತನೇ ಶತಮಾನದ ನಡುವೆ ಕ್ರಾಕೋವ್ ನಗರದ ವೈದ್ಯ ಯೂಸೆಫ್ ಡೀಟ್ಲ್, ಇದು ಬೇರೆ ರೋಗವೇ ಅಲ್ಲ, ಬಾಚದೆ ತೊಳೆಯದೆ ಬಿಟ್ಟದ್ದರ ಫಲ ಎಂದು ಪ್ರಚಾರ ಮಾಡಿದ. ಆಯಿಗೆ ಬೆಳಿಗ್ಗೆ ಚಹಾ ಕುಡಿಯುವಾಗ ಹೇಳಿದೆ. “ಅಲ್ಲೂ ಎಲ್ಲವ್ವ ಇದ್ದಾಳೇನು?” ಅಂತ ಕೇಳಿದಳು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ.

ಭಾನುವಾರ ಮತ್ತೆ ಎಣ್ಣೆ, ಮತ್ತೆ ಬೆರಳು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಿಟ್ಟಿತು, ಕುತ್ತಿಗೆಯ ಹತ್ತಿರ ಒಂದು ಗಂಟು ಬಿಟ್ಟು. ಗೋಲಿಯಷ್ಟು ದೊಡ್ಡದು, ಕಲ್ಲಿನಷ್ಟು ಗಟ್ಟಿ. ಅರ್ಧ ತಾಸು ಒದ್ದಾಡಿದೆ. ಬೆರಳು ನೋವು. ಪುಟ್ಟಿ ಅಳುತ್ತಿದ್ದಳು. ವೈನಿ ನನ್ನ ಮುಖ ನೋಡುತ್ತಿದ್ದಳು. ಕತ್ತರಿ ಇದ್ದಿದ್ದರೆ ಒಂದು ಕ್ಷಣದ ಕೆಲಸ. ಆದರೆ ಆ ಗೋಲಿ ಉಳಿದರೆ ಆಯಿಯ ಮಾತಿನಂತೆ ಅದು ಆಕಿದು. ಓಣಿಗೆ ಅಷ್ಟು ಸಾಕು.

ಆಯಿ ಎದ್ದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಕೌದಿ ಹೊಲಿಯುವ ದಬ್ಬಣ ಇತ್ತು. “ಸರೀ ಅತ್ಲಾಗ” ಅಂದಳು. ಪುಟ್ಟಿಯ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ದಬ್ಬಣದ ಮೊಂಡು ತುದಿಯಿಂದ ಗಂಟಿನ ಒಂದೊಂದೇ ಎಳೆ ಎಬ್ಬಿಸತೊಡಗಿದಳು. ಅರವತ್ತು ವರ್ಷ ಕೌದಿ ಹೊಲಿದ ಕೈ. ದಾರದ ಸಿಕ್ಕು ಬಿಡಿಸುವುದು ಅದಕ್ಕೆ ಗೊತ್ತು. ಹದಿನೈದು ನಿಮಿಷ ಯಾರೂ ಮಾತಾಡಲಿಲ್ಲ. ಗಂಟು ಬಿಚ್ಚಿಕೊಂಡಿತು.

“ಸಿಕ್ಕ ಇತ್ತು” ಅಂದಳು ಆಯಿ. ದಬ್ಬಣ ಸೆರಗಿಗೆ ಒರೆಸಿ ಎದ್ದು ಹೋದಳು.

ಹರಕೆ ಬಿಡಲಿಲ್ಲ ಆಕೆ. ಭರತ ಹುಣ್ಣಿಮೆಗೆ ಪುಟ್ಟಿಯನ್ನು ಕರೆದುಕೊಂಡು ಗುಡ್ಡಕ್ಕೆ ಹೋಗಿ ಉಡಿ ತುಂಬಿ ಬಂದಳು. ಎರಡು ಹೆರಳು ಹಾಕಿ, ರಿಬ್ಬನ್ ಕಟ್ಟಿ ಕರೆದುಕೊಂಡು ಹೋಗಿದ್ದಳು. ದೇವಿಯ ಮೇಲೆ ನನಗೂ ಸಿಟ್ಟಿಲ್ಲ. ಜಡಿ ಹೊತ್ತು ಬದುಕಿದ ಹಿರಿಯ ಜೋಗತಿಯರ ಬಗ್ಗೆ ಮಾತಾಡಲು ನಾನು ಯಾರೂ ಅಲ್ಲ. ನಮ್ಮ ಮನೆಯ ಒಂಬತ್ತು ವರ್ಷದ ಹುಡುಗಿಗೆ ಅದು ಬೇಡ ಅಂತ ಮಾತ್ರ ನನಗೆ ಗೊತ್ತಿತ್ತು.

ಈಗ ನಾವು ಮಾಡುವುದು

ಅಲ್ಲಿಂದೀಚೆಗೆ ಪುಟ್ಟಿಯ ತಲೆಗೂ ನನ್ನ ತಲೆಗೂ ಒಂದು ಪದ್ಧತಿ ಇದೆ. ನಿಮ್ಮದೂ ಗುಂಗುರು ಕೂದಲಾಗಿದ್ದರೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಕೂದಲು ಎಂಥದ್ದೆಂದು ನೋಡಿಕೊಳ್ಳಿ. ಒಂದು ಕೂದಲನ್ನು ನೀರಿನ ಲೋಟದಲ್ಲಿ ಹಾಕಿ ತೇಲುತ್ತದೋ ಮುಳುಗುತ್ತದೋ ನೋಡುವ ಪರೀಕ್ಷೆಯನ್ನು ರೀಲ್ಸ್‌ನಲ್ಲಿ ತೋರಿಸುತ್ತಾರೆ. ಅದನ್ನು ನಂಬುವ ಹಾಗಿಲ್ಲ. ಕೂದಲ ಮೇಲಿನ ಎಣ್ಣೆ, ಕ್ರೀಮಿನ ಅಂಶವೇ ಅದನ್ನು ತೇಲಿಸಬಹುದು. ತಲೆ ತೊಳೆದಾಗ ಎಷ್ಟು ಬೇಗ ನೆನೆಯುತ್ತದೆ, ಎಷ್ಟು ಬೇಗ ಒಣಗುತ್ತದೆ ಎಂದು ಎರಡು ಮೂರು ವಾರ ಗಮನಿಸಿದರೆ ಸಾಕು. ಬುಡ ಒಂದು ಥರ, ತುದಿ ಇನ್ನೊಂದು ಥರ ಇರುವುದೂ ಸಹಜ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಒಂದಡಿ ಕೂದಲಿನ ತುದಿ ಎರಡೂವರೆ ವರ್ಷ ಹಳೆಯದು. ಅಷ್ಟೂ ದಿನದ ಬಿಸಿಲು, ಬಣ್ಣ, ಹೆಲ್ಮೆಟ್ ಎಲ್ಲ ಅದು ಕಂಡಿರುತ್ತದೆ.

ನೀರು ಬೇಗ ಹೀರುವ ಕೂದಲಾದರೆ ತೊಳೆಯುವ ಮುಂಚೆ ಎಣ್ಣೆ ಹಚ್ಚಿ. ನೆನೆದ ಕೂದಲು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಮತ್ತೆ ಮತ್ತೆ ಹೀಗಾದರೆ ಹಂಚು ಸಡಿಲವಾಗುತ್ತದೆ. ಕೊಬ್ಬರಿ ಎಣ್ಣೆ ಕೂದಲಿನ ಒಳಗೇ ಇಳಿದು ಆ ಉಬ್ಬುವಿಕೆಯನ್ನು ತಗ್ಗಿಸುತ್ತದೆ. 2003ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದಲ್ಲಿ ಕೊಬ್ಬರಿ, ಸೂರ್ಯಕಾಂತಿ ಮತ್ತು ಮಿನರಲ್ ಎಣ್ಣೆಗಳನ್ನು ಹೋಲಿಸಿದಾಗ, ಕೂದಲಿನ ಪ್ರೋಟೀನ್ ನಷ್ಟವನ್ನು ಕಡಿಮೆ ಮಾಡಿದ್ದು ಕೊಬ್ಬರಿ ಎಣ್ಣೆ ಒಂದೇ. ಆ ಸಂಶೋಧಕರು ಕೊಬ್ಬರಿ ಎಣ್ಣೆ ಮಾರುವ ಕಂಪನಿಯವರೇ ಎಂಬುದೂ ನೆನಪಿರಲಿ. ನಮ್ಮ ಆಯಿಯಂದಿರು ಕಂಪನಿ ಹುಟ್ಟುವ ಮುಂಚೆಯೇ ಹಚ್ಚುತ್ತಿದ್ದರು ಎಂಬುದೂ ನೆನಪಿರಲಿ.

ನೀರು ಬೇಗ ಹೀರದ ಕೂದಲಾದರೆ ಎಣ್ಣೆ ಮೇಲೆಯೇ ಕೂತು ಜಿಗುಟಾಗುತ್ತದೆ. ನನ್ನ ಸಿದ್ದಿ ಗೆಳತಿ ಎಣ್ಣೆ ಕಡಿಮೆ ಹಚ್ಚುತ್ತಾಳೆ. ಬೆಚ್ಚಗಿನ ನೀರಿನಲ್ಲಿ ತಲೆ ಚೆನ್ನಾಗಿ ನೆನೆಸಿ, ಒದ್ದೆ ಕೂದಲಿಗೆ ಹಗುರ ಕಂಡೀಷನರ್ ಹಚ್ಚಿ, ಬಿಸಿನೀರಿನಲ್ಲಿ ಹಿಂಡಿದ ಟವೆಲ್ ಸುತ್ತಿ ಹತ್ತು ನಿಮಿಷ ಬಿಡುತ್ತಾಳೆ.

ಶಾಂಪೂ ನೆತ್ತಿಗೆ ಮಾತ್ರ. ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ತಿಕ್ಕಬೇಡಿ. ತೊಳೆದ ನೊರೆ ಕೆಳಗೆ ಇಳಿದರೆ ಉಳಿದ ಕೂದಲಿಗೆ ಅಷ್ಟೇ ಸಾಕು. ಬಟ್ಟೆ ಸೋಪು ಬೇಡವೇ ಬೇಡ, ಅದರ ಕ್ಷಾರ ಹಂಚನ್ನು ಎಬ್ಬಿಸುತ್ತದೆ. ಬೆಳಗಾವಿಗೆ ಬರುವ ರಾಕಸಕೊಪ್ಪ, ಹಿಡಕಲ್ ಜಲಾಶಯದ ನೀರು ಪರವಾಗಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ತೊಳೆದರೆ ಕೂದಲು ತಂತಿಯಂತಾಗಿ ಬೇಗ ಸಿಕ್ಕಾಗುತ್ತದೆ. ಕೊನೆಯ ಒಂದು ಬಕೆಟ್ಟಾದರೂ ನಳದ ನೀರೋ ಮಳೆನೀರೋ ಇರಲಿ.

ನೇರ ಕೂದಲಿನವರು ಒಣಗಿದ ಮೇಲೆ ಬಾಚುವುದು ಒಳ್ಳೆಯದು. ನಾವು ಒದ್ದೆ ಇರುವಾಗಲೇ, ಕಂಡೀಷನರ್ ಇರುವಾಗಲೇ ಬಾಚಬೇಕು. ಒಣ ಸುರುಳಿಗೆ ಹಣಿಗೆ ಹಾಕಿದರೆ ಬಿಡುವುದಕ್ಕಿಂತ ಮುರಿಯುವುದೇ ಹೆಚ್ಚು.

ಆಮೇಲೆ ಅಗಸಿ. ಪೇಟೆಯಲ್ಲಿ ಗುಂಗುರು ಕೂದಲಿನ ಜೆಲ್ ಅಂತ ನೂರಾರು ರೂಪಾಯಿಗೆ ಮಾರುವುದರಲ್ಲಿ ಒಂದು ನಮ್ಮ ಅಗಸಿ ಹಿಂಡಿಯ ಅಗಸಿಯೇ. ಎರಡು ಚಮಚ ಅಗಸಿಯನ್ನು ಎರಡು ಲೋಟ ನೀರಿನಲ್ಲಿ ಕುದಿಸಿ, ಲೋಳೆ ಬಂದ ಕೂಡಲೇ ಬಿಸಿ ಇರುವಾಗಲೇ ಸೋಸಿ. ಆರಿದರೆ ಸೋಸಲು ಬರುವುದಿಲ್ಲ. ಒದ್ದೆ ಕೂದಲಿಗೆ ಸವರಿದರೆ ಸುರುಳಿ ಜೊತೆಜೊತೆಯಾಗಿ ನಿಲ್ಲುತ್ತದೆ, ಸಿಕ್ಕು ಕಡಿಮೆ. ಫ್ರಿಜ್ಜಿನಲ್ಲಿ ಒಂದು ವಾರ ಇಡಬಹುದು. ದಾಸವಾಳದ ಎಲೆಯ ಲೋಳೆ, ನೆನೆಸಿದ ಮೆಂತ್ಯದ ಲೋಳೆ ಕೂಡ ಇದೇ ಕೆಲಸ ಮಾಡುತ್ತವೆ.

ರಾತ್ರಿ ಸಡಿಲ ಹೆರಳು. ತಲೆದಿಂಬಿಗೆ ನುಣುಪು ಬಟ್ಟೆ. ವೈನಿಯ ಹಳೆಯ ರೇಷ್ಮೆ ಸೀರೆಯೊಂದರಲ್ಲಿ ಪುಟ್ಟಿಗೆ ಎರಡು, ನನಗೆ ಎರಡು ದಿಂಬಿನ ಚೀಲ ಹೊಲಿಸಿದ್ದೇವೆ. ನಾನು ಹೆಲ್ಮೆಟ್ ಒಳಗೆ ಅದೇ ಬಟ್ಟೆಯ ತುಂಡು ಕಟ್ಟಿಕೊಳ್ಳುತ್ತೇನೆ. ಮನೆಯಲ್ಲಿ ಯಾರಾದರೂ ಜ್ವರದಲ್ಲೋ ಆಪರೇಷನ್ ಆಗಿಯೋ ಬಹಳ ದಿನ ಮಲಗಬೇಕಾಗಿ ಬಂದರೆ ಮೊದಲ ದಿನವೇ ಎರಡು ಹೆರಳು ಹಾಕಿಬಿಡಿ. ಎರಡು ದಿನಕ್ಕೊಮ್ಮೆ ಬಿಚ್ಚಿ ಬೆರಳಾಡಿಸಿ ಮತ್ತೆ ಹಾಕಿ. ಪುಟ್ಟಿಗೆ ಅಷ್ಟು ಮಾಡಿದ್ದರೆ ಸಾಕಿತ್ತು. ಆದರೆ 103 ಡಿಗ್ರಿ ಜ್ವರದ ಮಗುವಿನ ಪಕ್ಕ ಕೂತ ತಾಯಿಗೆ ಹೆರಳು ನೆನಪಾಗದಿದ್ದರೆ ತಪ್ಪೇನಿದೆ?

ಪುಟ್ಟಿ ಈಗ ನಾಲ್ಕನೆಯ ಇಯತ್ತೆ. ಭಾನುವಾರ ಆಯಿಯೇ ಅವಳ ತಲೆಗೆ ಎಣ್ಣೆ ಹಾಕುತ್ತಾಳೆ, ತುದಿಯಿಂದ ಮೇಲಕ್ಕೇ ಬಾಚುತ್ತಾಳೆ. ಮೊನ್ನೆ ವೈನಿ ಫೋನ್ ಮಾಡಿದ್ದಳು. ಪಕ್ಕದ ಊರಲ್ಲಿ ಬಾಣಂತಿಯೊಬ್ಬಳ ತಲೆ ಹಿಂಗೇ ಆಗಿದೆಯಂತೆ, ಅವಳ ತಾಯಿ ನಮ್ಮ ಮನೆಗೆ ಬಂದು ಆಯಿಯ ಹತ್ತಿರ ಕೂತಿದ್ದಾಳಂತೆ.

“ಆಯಿ ಏನಂದ್ಲು?” ಕೇಳಿದೆ.

“ಗಂಟ ನೋಡದ ಹ್ಯಾಂಗ ಹೇಳ್ಲಿ, ಮೊದಲ ಒಂದು ಬಟ್ಟಲ ಕೊಬ್ರಿ ಎಣ್ಣಿ ಹಾಕಿ ಇಡ್ರಿ, ನೀರು ಮುಟ್ಟಿಸಬ್ಯಾಡ್ರಿ, ನಾಳೆ ಮುಂಜಾನಿ ಬರ್ತೀನಿ ಅಂದಾಳ. ಈಗ ದಬ್ಬಣ ಹುಡುಕಾಕತ್ತಾಳ.”